ಏಳು ಲಕ್ಷ ಮಂದಿಯ ದಾರಿಯಲ್ಲಿ ಒಂದು ದಿನದ ಬುತ್ತಿ

ಇಂಗ್ಲೆಂಡಿನ ಎಂಟನೇ ಹೆನ್ರಿ ಸಿಂಹಾಸನ ಏರಿದ್ದು 1509ರಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. ಆ ಹೊತ್ತಿಗೆ ರೋಮಿನಲ್ಲಿ ಮೈಕೆಲೆಂಜೆಲೊ ಸಿಸ್ಟೀನ್ ಚಾಪೆಲಿನ ಚಾವಣಿಗೆ ಬಣ್ಣ ಹಚ್ಚುತ್ತಿದ್ದ. ಆ ಕಾಲದ ನೆನಪಿಗೆ ಅಮೆರಿಕದಲ್ಲಿ 1963ರಿಂದ ರೆನೈಸಾನ್ಸ್ ಜಾತ್ರೆಗಳು ನಡೆಯುತ್ತಿವೆ. ಬಯಲಿನಲ್ಲಿ ಡೇರೆ ಹೊಡೆದು, ರಾಜರಾಣಿಯರ ವೇಷ ತೊಟ್ಟು, ಕತ್ತಿವರಸೆ ಆಡಿ, ಮಕ್ಕಳು ಮರಿ ಸಮೇತ ಒಂದು ದಿನ ಕಳೆದು ಬರುತ್ತಾರೆ. ಹುಬ್ಬಳ್ಳಿ-ಧಾರವಾಡದ ಮಂದಿಗೆ ಅಂಥ ದಿನ ಬೇಕೆಂದರೆ ವಿಮಾನ ಹತ್ತುವ ಕಾರಣವಿಲ್ಲ. ಗದಗ, ಕೊಪ್ಪಳ ದಾಟಿ ಸುಮಾರು 160 ಕಿಲೋಮೀಟರ್ ಹೋದರೆ ಕೃಷ್ಣದೇವರಾಯನ ರಾಜಧಾನಿಯಾಗಿದ್ದ ಹಂಪಿ. ಅಲ್ಲಿ ವರ್ಷಕ್ಕೊಮ್ಮೆ ಉತ್ಸವ. ವೇಷ ಇಂದಿನದಾದರೂ ಕಲ್ಲು ಆ ಕಾಲದ್ದೇ.

ಆದರೆ ಹೊರಡುವ ಮುನ್ನ ತುಸು ಲೆಕ್ಕ ಮಾಡಬೇಕು. ಹಂಪಿಗೆ ಹೋಗಿ ಸುಸ್ತಾಗಿ, ಸಿಟ್ಟಾಗಿ ಬರುವವರೆಲ್ಲ ಈ ಲೆಕ್ಕ ಬಿಟ್ಟವರೇ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶದ ವಿಸ್ತಾರ 41 ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಉಳಿದಿರುವ ಗುಡಿ, ಮಂಟಪ, ಕೋಟೆ, ಕೊಳಗಳ ಸಂಖ್ಯೆ 1600 ದಾಟುತ್ತದೆ. ಒಂದೊಂದರ ಮುಂದೆ ಬರೀ ಒಂದು ನಿಮಿಷ ನಿಂತರೂ 26 ತಾಸು 40 ನಿಮಿಷ ಬೇಕು. ದಿನಕ್ಕೆ ಒಂಬತ್ತು ತಾಸಿನಂತೆ ಮೂರು ದಿನವಾಯಿತು, ಅದೂ ಒಂದರಿಂದ ಇನ್ನೊಂದಕ್ಕೆ ನಡೆಯುವ ಹೊತ್ತು ಬಿಟ್ಟು. ಉಣ್ಣುವುದು, ಫೋಟೊ ತೆಗೆಯುವುದು, ತಪ್ಪಿಸಿಕೊಂಡ ಮಗುವನ್ನು ಹುಡುಕುವುದು ಯಾವುದೂ ಇದರಲ್ಲಿ ಸೇರಿಲ್ಲ.

ಹಳೆಯ ಅಂಕಿಗಳಿಗೆ ಬಂದರಂತೂ ತಲೆ ತಿರುಗುತ್ತದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಯ ಉತ್ಸವದಲ್ಲಿ ಸಾವಿರ ಆನೆಗಳನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಇಂದು ಪ್ರವಾಸಿಗರು ಬಾಯಿ ತೆರೆದು ನೋಡುವ ಗಜಶಾಲೆಯಲ್ಲಿ ಇರುವುದು 11 ಕೋಣೆ. ಕೋಣೆಗೊಂದು ಆನೆ ಎಂದರೆ, ಸಾವಿರ ಆನೆಗೆ ಅಂಥವು 91 ಬೇಕು. ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜ್ ಹೇಳುವಂತೆ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು. ದಿನಕ್ಕೆ 35ಕ್ಕೂ ಹೆಚ್ಚು. ಅವನ ನಾಡಿನವನೇ ಆದ ಡೊಮಿಂಗೊ ಪಾಯಸ್ ಕೆರೆ ಕಟ್ಟುವ ಕೆಲಸದಲ್ಲಿ ಒಂದೇ ಕಡೆ 15ರಿಂದ 20 ಸಾವಿರ ಆಳುಗಳನ್ನು ಕಂಡವನು. ಮಹಾನವಮಿಯ ಕೊನೆಯ ದಿನ 250 ಕೋಣ, 4,500 ಕುರಿ ಬಲಿಯಾದುದನ್ನೂ ಅವನೇ ಎಣಿಸಿ ಹೇಳುತ್ತಾನೆ.

ಎಲ್ಲಕ್ಕಿಂತ ದೊಡ್ಡದು 1520ರ ರಾಯಚೂರು ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ದಂಡು. ನೂನಿಜ್ ಕೊಟ್ಟ ವಿವರಗಳನ್ನು ಕೂಡಿಸಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಏಳು ಲಕ್ಷ ಎಂದರೆ ಎಷ್ಟು? 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ ಜನಸಂಖ್ಯೆ 9.4 ಲಕ್ಷ. ಅಂದರೆ ಅವಳಿ ನಗರದ ನಾಲ್ವರಲ್ಲಿ ಮೂವರು, ಕೂಸು ಮುದುಕರೆನ್ನದೆ, ಈಟಿ ಹಿಡಿದು ಹೊರಟಂತೆ. ಬರೀ ಕಾಲಾಳುಗಳನ್ನು ನಾಲ್ಕು ಜನರ ಸಾಲಿನಲ್ಲಿ, ಸಾಲಿಗೊಂದು ಮೀಟರ್ ಅಂತರ ಬಿಟ್ಟು ನಡೆಸಿ ನೋಡಿ. ಮೆರವಣಿಗೆ 175 ಕಿಲೋಮೀಟರ್ ಆಗುತ್ತದೆ. ಮುಂದಿನವ ಹಂಪಿಯ ವಿರೂಪಾಕ್ಷನಿಗೆ ಕೈ ಮುಗಿಯುವಾಗಲೂ ಹಿಂದಿನವ ಇನ್ನೂ ಹುಬ್ಬಳ್ಳಿ ಬಿಟ್ಟಿರುವುದಿಲ್ಲ! ನೂನಿಜ್ ಅಂಕಿ ಉಬ್ಬಿಸಿದ್ದಾನೆ ಎನ್ನುವ ವಿದ್ವಾಂಸರಿದ್ದಾರೆ. ನನಗೂ ಅದೇ ಸರಿ ಎನಿಸುತ್ತದೆ. ಅರ್ಧಕ್ಕರ್ಧ ಸುಳ್ಳು ಎಂದು ತೆಗೆದುಹಾಕಿದರೂ ಹುಬ್ಬಳ್ಳಿಯಿಂದ ಹೊರಟ ಸಾಲು ಗದಗ ದಾಟಿ ಎಷ್ಟೋ ದೂರ ಹೋಗುತ್ತದೆ.

ದೊಡ್ಡದರಲ್ಲಿ ನಾವೂ ಒಂದು ಕಡೆ ಗೆದ್ದಿದ್ದೇವೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ, 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿ ಇದರ ಅರ್ಧದಷ್ಟು. ಹಂಪಿಗೆ ಹತ್ತಿರದ ಹೊಸಪೇಟೆಯ ರೈಲು ಹಿಡಿಯಲು ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದ ಮಕ್ಕಳಿಗೆ ರಥಬೀದಿ ನೋಡಿದಾಗ ಇದನ್ನು ಹೇಳಿ, ಹಿಗ್ಗುತ್ತಾರೆ.

ನನ್ನ ಮಾತು ಕೇಳುವುದಾದರೆ, ಹಗಲೆಲ್ಲ ಅರಮನೆ ಆವರಣದಲ್ಲೇ ಕಳೆಯಿರಿ. ಮಹಾನವಮಿ ದಿಬ್ಬದ ಹತ್ತಿರ 1980ರ ದಶಕದಲ್ಲಿ ಮಣ್ಣಿನಡಿಯಿಂದ ಹೊರಬಂದ ಮೆಟ್ಟಿಲುಗಳ ಪುಷ್ಕರಣಿ ಇದೆ. ಕೆಳಗೆ ಇಳಿಯಲು ಬಿಡುವುದಿಲ್ಲ, ಅಂಚಿನಲ್ಲೇ ಕೂತು ಕಪ್ಪು ಕಲ್ಲುಗಳನ್ನು ನಿಧಾನವಾಗಿ ನೋಡಿ. ಅವುಗಳ ಮೇಲೆ ಕಲ್ಲುಕುಟಿಗರು ಕೊರೆದ ಗೆರೆ, ಅಕ್ಷರಗಳಿವೆ: ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯದು ಎಂಬ ಗುರುತು. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ ಕೆಲಸ. ಏಳು ಲಕ್ಷದ ದಂಡಿಗಿಂತ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಈ ಸಣ್ಣ ಅಂಕಿಗಳೇ. ಆ ದಂಡನ್ನು ನಂಬಬಹುದು, ಬಿಡಬಹುದು. ಈ ಕಲ್ಲಿನ ಲೆಕ್ಕ ತಪ್ಪಿಲ್ಲ, ಮೆಟ್ಟಿಲು ಕೂಡಿಕೊಂಡಿವೆ.

“ಅಜ್ಜಾ, ಅಷ್ಟ್ ಮಂದಿ ಎಲ್ಲಿ ಉಣ್ತಿದ್ರೋ?” ಎಂದು ಹುಡುಗರು ಕೇಳಿದರೆ ಭೋಜನಶಾಲೆಗೆ ಕರೆದೊಯ್ಯಿರಿ. ಕಾಲುವೆಯ ಎರಡೂ ದಂಡೆಗೆ ಕಲ್ಲಿನ ಹಾಸುಗಳಲ್ಲೇ ತಾಟು, ಅದರೊಳಗೇ ಪಲ್ಯ ಚಟ್ನಿಗೆ ಬಟ್ಟಲುಗಳಂಥ ಕುಳಿ. ನೋಡಿ ಬಂದು, ನೆರಳಿರುವಲ್ಲಿ ನಿಮ್ಮ ಬುತ್ತಿ ಬಿಚ್ಚಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಸಾಕು, ಸಾರು ಚೆಲ್ಲುತ್ತದೆ. ನೀರು ಮಾತ್ರ ಅಂದುಕೊಂಡದ್ದರ ಎರಡರಷ್ಟು ಇರಲಿ, ಅಲ್ಲಿಯ ಬಂಡೆಗಳ ಝಳ ನಮ್ಮ ಧಾರವಾಡದ ಗಾಳಿಯಂತಲ್ಲ.

ವಿಜಯ ವಿಠ್ಠಲ ಗುಡಿ, ಕಮಲ ಮಹಲ್ ಇರುವ ಜನಾನಾ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ, ಮೂರಕ್ಕೂ ಅದೇ ದಿನ ಒಂದೇ ಟಿಕೆಟ್ ನಡೆಯುತ್ತದೆ. 15ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹಾಗೆಂದು ಮೂರನ್ನೂ ಮುಗಿಸುವ ಹಟ ಬೇಡ. ಸಂಜೆಗೆ ಕಾಲು ಉಳಿದಿರಬೇಕು, ಏಕೆಂದರೆ ಉತ್ಸವ ನಿಜವಾಗಿ ಏಳುವುದು ದೀಪ ಹತ್ತಿದ ಮೇಲೆ. ಒಂದೇ ಹೊತ್ತಿಗೆ ಹಲವು ವೇದಿಕೆಗಳಲ್ಲಿ ಹಾಡು, ಕುಣಿತ. ಎಲ್ಲವನ್ನೂ ನೋಡಲು ಓಡಾಡಿದವರು ಯಾವುದನ್ನೂ ನೋಡಿರುವುದಿಲ್ಲ. ಒಂದು ವೇದಿಕೆ ಹಿಡಿದು ಕೂಡ್ರಿ.

ಕೊನೆಗೊಂದು ಮಾತು. ಮೊದಲು ನವೆಂಬರಿನಲ್ಲಿ ಆಗುತ್ತಿದ್ದ ಉತ್ಸವ 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರವರಿ ಮೊದಲ ವಾರಕ್ಕೆ, 2025ರಲ್ಲಿ ಫೆಬ್ರವರಿ 28ರಿಂದ ಮಾರ್ಚ್ 2ಕ್ಕೆ ಸರಿಯಿತು. ಸರ್ಕಾರ ದಿನಾಂಕ ಪ್ರಕಟಿಸಿದ ಮೇಲೆಯೇ ರಜೆ ಹಾಕಿ, ರೈಲಿನ ಟಿಕೆಟ್ ತೆಗೆಸಿ.