ಹಳೆಯ ಚಾಲನಾ ವ್ಯವಸ್ಥೆಯ ವಿದ್ಯುತ್ ಬೈಕು: ಅಗ್ಗದ ಬೆಲೆಯ ಹಿಂದಿರುವ ಲೆಕ್ಕ

ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯಿಂದ ಗಿರಾಕಿಯ ಮನೆಗೆ ಸರಕು ತಲುಪಿಸುವುದಿರಲಿ, ಅಂತರಸನಹಳ್ಳಿಯ ಮಾರುಕಟ್ಟೆ ಪ್ರಾಂಗಣಕ್ಕೆ ಮಾದರಿ ಕೊಂಡೊಯ್ಯುವುದಿರಲಿ, ಹಿರೇಹಳ್ಳಿಯ ಸಣ್ಣ ಘಟಕಕ್ಕೆ ಬಿಡಿಭಾಗವೊಂದನ್ನು ತುರ್ತಾಗಿ ಒದಗಿಸುವುದಿರಲಿ, ದ್ವಿಚಕ್ರ ವಾಹನವಿಲ್ಲದೆ ಇಂದು ವ್ಯಾಪಾರ ಸಾಗದು. ಪೆಟ್ರೋಲಿನ ವೆಚ್ಚವನ್ನು ತಗ್ಗಿಸಲು ಅನೇಕ ವರ್ತಕರು ವಿದ್ಯುತ್ ಚಾಲಿತ ಬೈಕು ಹಾಗೂ ಸ್ಕೂಟರುಗಳತ್ತ ಮುಖ ಮಾಡಿರುವುದು ಸಹಜವೇ ಆಗಿದೆ. ಹೀಗೆ ವಿಚಾರಿಸಲು ಹೋದವರಿಗೆ ಎರಡು ಬಗೆಯ ಅಗ್ಗದ ಮಾಲು ಎದುರಾಗುತ್ತದೆ: ತಯಾರಕರು ಕೈಬಿಟ್ಟ ಮಾದರಿಯ ಉಳಿಕೆ ದಾಸ್ತಾನು ಒಂದು, ಎರಡು ಮೂರು ವರ್ಷ ಓಡಿದ ಹಳೆಯ ವಾಹನ ಇನ್ನೊಂದು. ಬೆಲೆ ಆಕರ್ಷಕವಾಗಿರುತ್ತದೆ. ಆದರೆ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ; ಆ ವಾಹನದ ಬ್ಯಾಟರಿ, ಮೋಟಾರು ಮತ್ತು ಕಂಟ್ರೋಲರ್ ಕೆಟ್ಟಾಗ ಅವುಗಳಿಗೆ ಬದಲಿ ಎಲ್ಲಿ ದೊರೆಯುತ್ತದೆ ಎಂಬುದಾಗಿದೆ.

ಹಳೆಯದಾದದ್ದು ಯಾವುದು?

ಕರ್ನಾಟಕಕ್ಕೆ ವಿದ್ಯುತ್ ವಾಹನ ಹೊಸದಲ್ಲ. ಬೆಂಗಳೂರಿನ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಲೆಡ್ ಆಸಿಡ್ ಎಂದು ಕರೆಯಲಾಗುವ ಸೀಸ-ಆಮ್ಲ ಬ್ಯಾಟರಿ. ಅನಂತರ ಬಂದ ಮೊದಲ ತಲೆಮಾರಿನ ವಿದ್ಯುತ್ ಸ್ಕೂಟರುಗಳಲ್ಲಿ ಹೆಚ್ಚಿನವು ಇದೇ ಬ್ಯಾಟರಿಯನ್ನೂ, ಹಿಂಬದಿ ಚಕ್ರದ ಒಳಗೇ ಕೂರಿಸಿದ ಹಬ್ ಮೋಟಾರನ್ನೂ ಅವಲಂಬಿಸಿದ್ದವು. ಕೇಂದ್ರ ಸರ್ಕಾರದ ಫೇಮ್ ಯೋಜನೆ 2015ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಈ ವಾಹನಗಳಿಗೂ ಸಹಾಯಧನ ದೊರೆಯುತ್ತಿತ್ತು. 2018ರ ಅಕ್ಟೋಬರ್ 1ರಿಂದ ಸೀಸ-ಆಮ್ಲ ಬ್ಯಾಟರಿಯ ವಾಹನಗಳಿಗೆ ಅದನ್ನು ನಿಲ್ಲಿಸಲಾಯಿತು. 2019ರ ಏಪ್ರಿಲ್‌ನಲ್ಲಿ ಆರಂಭವಾದ ಫೇಮ್ ಎರಡನೆಯ ಹಂತವು ಲಿಥಿಯಂ ಮುಂತಾದ ಸುಧಾರಿತ ಬ್ಯಾಟರಿಗಳಿಗೆ ಮಾತ್ರ ಸೀಮಿತವಾಯಿತು. ಹೀಗೆ ಒಂದು ಇಡೀ ತಲೆಮಾರು ಹಿನ್ನೆಲೆಗೆ ಸರಿಯಿತು.

ಎರಡನೆಯ ತಲೆಮಾರು ಲಿಥಿಯಂ ಬ್ಯಾಟರಿಯದು. ಏಥರ್ ಸಂಸ್ಥೆಯು 2018ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ 340 ಮತ್ತು 450 ಎಂಬ ಎರಡು ಮಾದರಿಗಳನ್ನು ಬಿಡುಗಡೆ ಮಾಡಿತು. ಬೇಡಿಕೆ ಸಾಲದೆ 340 ಮಾದರಿಯನ್ನು 2019ರಲ್ಲೇ ಹಿಂತೆಗೆದುಕೊಂಡಿತು. 2020ರ ಜನವರಿಯಲ್ಲಿ ಬಜಾಜ್ ಚೇತಕ್ ಮತ್ತು ಟಿವಿಎಸ್ ಐಕ್ಯೂಬ್ ಬೆಂಗಳೂರಿನ ಮಾರುಕಟ್ಟೆಗೆ ಬಂದವು. ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. 2025ರ ಜನವರಿ 31ರಂದು ಓಲಾ ಪ್ರಕಟಿಸಿದ ಮೂರನೆಯ ತಲೆಮಾರಿನ ಸ್ಕೂಟರುಗಳಲ್ಲಿ ಬೆಲ್ಟಿನ ಬದಲು ಚೈನ್ ಬಂದಿತು. ಪ್ರತ್ಯೇಕವಾಗಿದ್ದ ಕಂಟ್ರೋಲರ್ ಮೋಟಾರಿನೊಡನೆ ಒಂದೇ ಘಟಕವಾಯಿತು. ಏಳೆಂಟು ವರ್ಷಗಳ ಅವಧಿಯಲ್ಲಿ ಇಷ್ಟು ಬದಲಾವಣೆ ಕಂಡ ಉದ್ಯಮದಲ್ಲಿ ‘ಹಳೆಯ ಮಾದರಿ’ ಎಂಬುದು ಹತ್ತು ವರ್ಷದ ವಾಹನವೇ ಆಗಿರಬೇಕೆಂದಿಲ್ಲ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವೂ ಅಲ್ಲ. ಜರ್ಮನಿಯ ಬಾಷ್ ಸಂಸ್ಥೆಯು ವಿದ್ಯುತ್ ಸೈಕಲ್ಲುಗಳಿಗಾಗಿ 2021ರಲ್ಲಿ ಹೊಸ ಚಾಲನಾ ವ್ಯವಸ್ಥೆಯನ್ನು ತಂದಾಗ, ಅದರ ಬ್ಯಾಟರಿ ಹಾಗೂ ಪರದೆಗಳು ಹಿಂದಿನ ವ್ಯವಸ್ಥೆಯ ಮೋಟಾರಿಗೆ ಹೊಂದದಂತಾದವು. ಅಂದಿನಿಂದ ಯುರೋಪಿನ ಗ್ರಾಹಕರೂ ರಿಯಾಯಿತಿಯ ಹಳೆಯ ಮಾದರಿಯನ್ನು ಕೊಳ್ಳುವಾಗ ಇದೇ ಪ್ರಶ್ನೆಯನ್ನು ಎದುರಿಸುತ್ತಿದ್ದಾರೆ.

ಕಿಲೋಮೀಟರಿನ ಲೆಕ್ಕ

ವಿದ್ಯುತ್ ವಾಹನದಲ್ಲಿ ಇಂಧನ ಅಗ್ಗ. ಬ್ಯಾಟರಿಯೇ ನಿಜವಾದ ಖರ್ಚು. ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. ವಾಹನವು ದಿನಕ್ಕೆ 30 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿದರೆ ವರ್ಷಕ್ಕೆ 9,000 ಕಿ.ಮೀ. ಆಗುತ್ತದೆ. ಪೆಟ್ರೋಲ್ ಲೀಟರಿಗೆ ರೂ. 100, ಮೈಲೇಜ್ 50 ಕಿ.ಮೀ. ಎಂದಿಟ್ಟುಕೊಂಡರೆ ಕಿ.ಮೀ.ಗೆ ರೂ. 2 ವೆಚ್ಚ. ವಿದ್ಯುತ್ ಯೂನಿಟ್‌ಗೆ ರೂ. 8, ಒಂದು ಯೂನಿಟ್‌ಗೆ 32 ಕಿ.ಮೀ. ಎಂದರೆ ಕಿ.ಮೀ.ಗೆ 25 ಪೈಸೆ. ಮೇಲ್ನೋಟಕ್ಕೆ ಕಿ.ಮೀ. ಒಂದಕ್ಕೆ ರೂ. 1.75ರಂತೆ ವರ್ಷಕ್ಕೆ ರೂ. 15,750 ಉಳಿತಾಯ.

ಇದರಿಂದ ಬ್ಯಾಟರಿಯ ಸವೆತವನ್ನು ಕಳೆಯಬೇಕು. ಸೀಸ-ಆಮ್ಲ ಬ್ಯಾಟರಿಯ ಒಂದು ಸೆಟ್‌ಗೆ ರೂ. 15,000 ಎಂದೂ, ಅದು 300 ಬಾರಿ ಚಾರ್ಜ್ ಆಗಿ ಪ್ರತಿ ಸಲ 30 ಕಿ.ಮೀ. ಓಡಿಸುತ್ತದೆಂದೂ ಭಾವಿಸೋಣ. 9,000 ಕಿ.ಮೀ.ಗೆ ಆ ಸೆಟ್ ಮುಗಿಯುತ್ತದೆ. ಅಂದರೆ ವರ್ಷದ ಉಳಿತಾಯದಲ್ಲಿ ಕೈಯಲ್ಲಿ ನಿಲ್ಲುವುದು ರೂ. 750 ಮಾತ್ರ! ಹಳೆಯ ಬ್ಯಾಟರಿಯ ಸೀಸಕ್ಕೆ ದೊರೆಯುವ ಗುಜರಿ ಬೆಲೆಯಿಂದ ಸ್ವಲ್ಪ ಸಮಾಧಾನವಾಗಬಹುದು. ಇನ್ನು ರೂ. 40,000ದ ಲಿಥಿಯಂ ಬ್ಯಾಟರಿಯು 1,000 ಚಾರ್ಜುಗಳಲ್ಲಿ ತಲಾ 60 ಕಿ.ಮೀ. ಓಡಿಸಿದರೆ ವರ್ಷದ ಸವೆತ ರೂ. 6,000, ಉಳಿಯುವುದು ರೂ. 9,750.

ಹಾಗಾದರೆ ಲಿಥಿಯಂ ವಾಹನವೇ ಸದಾ ಲಾಭದಾಯಕವೆ? ಬದಲಿ ಬ್ಯಾಟರಿ ದೊರೆಯುವವರೆಗೆ ಮಾತ್ರ. ಕೈಬಿಟ್ಟ ಮಾದರಿಯ ಲಿಥಿಯಂ ಸ್ಕೂಟರನ್ನು ರೂ. 60,000ಕ್ಕೆ ಕೊಂಡು, ಎರಡು ವರ್ಷಕ್ಕೆ ಬ್ಯಾಟರಿ ಕೆಟ್ಟು, ಹೊಸದು ಎಲ್ಲಿಯೂ ಸಿಗದಿದ್ದರೆ 18,000 ಕಿ.ಮೀ.ಗೆ ಆ ಹಣವೆಲ್ಲ ಕರಗಿದಂತಾಯಿತು. ಕಿ.ಮೀ.ಗೆ ರೂ. 3.33. ಇದು ಪೆಟ್ರೋಲಿಗಿಂತಲೂ ದುಬಾರಿ.

ತೆರೆದ ವ್ಯವಸ್ಥೆ, ಮುಚ್ಚಿದ ವ್ಯವಸ್ಥೆ

ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ತಾಂತ್ರಿಕವಾಗಿ ಹಿಂದುಳಿದ ವಾಹನವು ದುರಸ್ತಿಯ ದೃಷ್ಟಿಯಿಂದ ಹೆಚ್ಚು ಸುರಕ್ಷಿತವಾಗಿರಬಹುದು. ಸಾಮಾನ್ಯ ಹಬ್ ಮೋಟಾರಿನಿಂದ ಹೊರಬರುವುದು ಮೂರು ದಪ್ಪ ತಂತಿಗಳು ಮತ್ತು ಸೆನ್ಸರಿನ ಐದು ಸಣ್ಣ ತಂತಿಗಳು. 48 ಅಥವಾ 60 ವೋಲ್ಟಿನ ಸಾಮಾನ್ಯ ಕಂಟ್ರೋಲರ್ ಯಾವ ಕಂಪನಿಯದಾದರೂ ಅನುಭವಿ ಮೆಕ್ಯಾನಿಕ್ ಅದನ್ನು ಹೊಂದಿಸಬಲ್ಲನು. 12 ವೋಲ್ಟಿನ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ ಸೆಟ್‌ಗೂ ಬ್ಯಾಟರಿ ಅಂಗಡಿಯಲ್ಲಿ ಬದಲಿ ದೊರೆಯುತ್ತದೆ. ಇದನ್ನು ತೆರೆದ ವ್ಯವಸ್ಥೆ ಎನ್ನಬಹುದು. ತಯಾರಕ ಇಲ್ಲವಾದರೂ ವಾಹನ ಉಳಿಯುತ್ತದೆ.

ಅನೇಕ ಹೊಸ ವಾಹನಗಳಲ್ಲಿ ಬ್ಯಾಟರಿಯ ನಿರ್ವಹಣಾ ಘಟಕ, ಕಂಟ್ರೋಲರ್ ಮತ್ತು ಪರದೆ ಪರಸ್ಪರ ಸಂಕೇತಗಳ ಮೂಲಕ ಮಾತನಾಡುತ್ತವೆ. ಒಂದು ಭಾಗವನ್ನು ಬದಲಿಸಿದರೆ ಕಂಪನಿಯ ಗಣಕಯಂತ್ರದಿಂದ ಅದನ್ನು ಜೋಡಿಸದೆ ವಾಹನ ಚಾಲೂ ಆಗದಿರಬಹುದು. ಇದು ಮುಚ್ಚಿದ ವ್ಯವಸ್ಥೆ. ತಯಾರಕ ಗಟ್ಟಿಯಾಗಿದ್ದು ಸೇವಾ ಕೇಂದ್ರ ಸಮೀಪದಲ್ಲಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ತಯಾರಕರೇ ಸಂಕಟಕ್ಕೆ ಸಿಲುಕುವುದುಂಟು. ದೇಶದ ಹಳೆಯ ವಿದ್ಯುತ್ ಸ್ಕೂಟರ್ ತಯಾರಕರಲ್ಲಿ ಒಂದಾದ ಹೀರೋ ಎಲೆಕ್ಟ್ರಿಕ್ ವಿರುದ್ಧ 2024ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯು ದಿವಾಳಿತನದ ಪ್ರಕ್ರಿಯೆಗೆ ಅನುಮತಿ ನೀಡಿದ್ದನ್ನು ಇಲ್ಲಿ ನೆನೆಯಬಹುದು.

ಊರಿಗೆ ತಕ್ಕ ವಾಹನ

ತುಮಕೂರು ನಗರದೊಳಗಿನ ಓಡಾಟಕ್ಕೆ, ದಿನಕ್ಕೆ 20 ಕಿ.ಮೀ. ಮೀರದ ಕೆಲಸಕ್ಕೆ, ಹಳೆಯ ಹಬ್ ಮೋಟಾರಿನ ವಾಹನ ಸಾಕಾಗಬಹುದು. ಗುಬ್ಬಿಯ ಮಾತು ಬೇರೆ. ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದ ಈ ಪಟ್ಟಣಕ್ಕೆ ಹೋಗಿ ಬರಲು 40 ಕಿ.ಮೀ. ಬೇಕು. ಸೀಸ-ಆಮ್ಲ ಬ್ಯಾಟರಿ ಹೊಸದಿದ್ದಾಗ ಇದನ್ನು ಹೇಗೋ ನಿಭಾಯಿಸಿದರೂ ಆರು ತಿಂಗಳ ಬಳಿಕ ದಾರಿಯಲ್ಲೇ ನಿಲ್ಲುವ ಭಯವಿದೆ. ಗುಬ್ಬಿಯಿಂದ ನಿಟ್ಟೂರು, ಚೇಳೂರಿನ ಕಡೆ ತೆಂಗು, ಅಡಿಕೆಯ ವ್ಯವಹಾರಕ್ಕೆ ತಿರುಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕುಣಿಗಲ್ ತುಮಕೂರಿನಿಂದ 35 ಕಿ.ಮೀ.ಗೂ ಹೆಚ್ಚು ದೂರ. ಹೋಗಿ ಬರುವ ದಾರಿ 70 ಕಿ.ಮೀ. ಮೀರುತ್ತದೆ. ಇಲ್ಲಿಗೆ ಲಿಥಿಯಂ ಬ್ಯಾಟರಿಯ ವಾಹನವೇ ಬೇಕು. ಅದೂ ಕಾಗದದ ಮೇಲಿನ ದೂರವನ್ನಲ್ಲ, ಸರಕು ಹೇರಿದಾಗ ನಿಜವಾಗಿ ಓಡುವ ದೂರವನ್ನು ನೋಡಿ ಕೊಳ್ಳಬೇಕು. ಕೆಟ್ಟ ವಾಹನವನ್ನು ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ತುಮಕೂರಿಗೆ ಅಥವಾ ಬೆಂಗಳೂರಿಗೆ ಸಾಗಿಸುವ ಬಾಡಿಗೆಯನ್ನೂ, ಅಷ್ಟು ದಿನ ನಿಲ್ಲುವ ವ್ಯಾಪಾರವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕುವುದು ಒಳಿತು.

ಕೊಳ್ಳುವ ಮುನ್ನ ಪರೀಕ್ಷೆ

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವವನು ಹಲ್ಲು ನೋಡದೆ ಬೆಲೆ ಆಡುವುದಿಲ್ಲ. ವಿದ್ಯುತ್ ವಾಹನಕ್ಕೂ ಅಂತಹ ಹಲ್ಲುಗಳಿವೆ.

1. ತಯಾರಿಕೆಯ ತಿಂಗಳು: 2022ರ ಬೆಂಕಿ ಅವಘಡಗಳ ಬಳಿಕ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡದ ಬಿಗಿ ನಿಯಮಗಳನ್ನು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೊಳಿಸಲಾಯಿತು. ಇದಕ್ಕೆ ಮುಂಚಿನ ಲಿಥಿಯಂ ದಾಸ್ತಾನಾದರೆ ಬ್ಯಾಟರಿ ಯಾವ ಮಾನದಂಡದ್ದೆಂದು ಬರಹದಲ್ಲಿ ಕೇಳಬೇಕು.

2. ನಿಂತ ಕಾಲ: ಗೋದಾಮಿನಲ್ಲಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ನಿಂತ ಬ್ಯಾಟರಿ, ಓಡದಿದ್ದರೂ ಮುದಿಯಾಗಿರುತ್ತದೆ. ಮೀಟರಿನಲ್ಲಿ ಸೊನ್ನೆ ಇದೆಯೆಂದು ಹೊಸದೆಂದು ನಂಬಬಾರದು.

3. ಭಾರದೊಡನೆ ಓಟ: ಪೂರ್ಣ ಚಾರ್ಜ್ ಮಾಡಿ, ಎಂದಿನ ಸರಕು ಹೇರಿ 15 ಕಿ.ಮೀ. ಓಡಿಸಬೇಕು. ಸೀಸ-ಆಮ್ಲ ಸೆಟ್ ಆದರೆ ಪ್ರತಿ ಬ್ಯಾಟರಿಯ ವೋಲ್ಟೇಜನ್ನು ಬೇರೆಬೇರೆಯಾಗಿ ಅಳೆಯಬೇಕು. ಒಂದು ಉಳಿದವುಗಳಿಗಿಂತ ಅರ್ಧ ವೋಲ್ಟಿಗೂ ಕೆಳಗಿದ್ದರೆ ಅದು ದುರ್ಬಲ. ಇಡೀ ಸೆಟ್ಟಿನ ಓಟವನ್ನು ಅದೇ ನಿರ್ಧರಿಸುತ್ತದೆ.

4. ಮೋಟಾರಿನ ಬಿಸಿ: ಏರು ದಾರಿಯಲ್ಲಿ ಹಬ್ ಮೋಟಾರು ಬೇಗ ಕಾಯುತ್ತದೆ. ಓಡಿಸಿದ ಬಳಿಕ ಸುಟ್ಟ ವಾಸನೆ, ಎಳೆತ ಅಥವಾ ಕಿರುಗುಟ್ಟುವ ಸದ್ದು ಇದ್ದರೆ ಆ ವಾಹನ ಬೇಡ.

5. ಬದಲಿಯ ದರಪಟ್ಟಿ: ಬ್ಯಾಟರಿ, ಕಂಟ್ರೋಲರ್ ಮತ್ತು ಚಾರ್ಜರ್ ಈ ಮೂರರ ಇಂದಿನ ಬೆಲೆ ಹಾಗೂ ಪೂರೈಕೆಯ ಅವಧಿಯನ್ನು ಮಾರಾಟಗಾರನಿಂದ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿದರೆ ಅದೇ ಉತ್ತರ.

ತೆರಿಗೆ ಮತ್ತು ಕಾನೂನು

ಹೊಸ ವಿದ್ಯುತ್ ವಾಹನಕ್ಕೆ 2019ರ ಆಗಸ್ಟ್ 1ರಿಂದ ಜಿಎಸ್‌ಟಿ ಶೇ. 5. ಹಳೆಯ ವಾಹನವನ್ನು ನೋಂದಾಯಿತ ವರ್ತಕನಿಂದ ಕೊಂಡರೆ, ಜಿಎಸ್‌ಟಿ ಮಂಡಳಿಯು 2024ರ ಡಿಸೆಂಬರ್ 21ರ ಸಭೆಯಲ್ಲಿ ಮಾಡಿದ ಶಿಫಾರಸಿನಂತೆ, ಆತನ ಲಾಭಾಂಶದ ಮೇಲೆ ಶೇ. 18 ತೆರಿಗೆ ಅನ್ವಯಿಸುತ್ತದೆ. ಪೂರ್ಣ ಬೆಲೆಯ ಮೇಲಲ್ಲ. ನೋಂದಣಿಯಿಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ತೆರಿಗೆಯಿಲ್ಲ.

ಮೋಟಾರಿನ ಅರ್ಧ ಗಂಟೆಯ ಸಾಮರ್ಥ್ಯ 250 ವಾಟ್‌ಗಿಂತ ಮತ್ತು ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ನೋಂದಣಿ ಬೇಕಿಲ್ಲ. ಆದರೆ ವೇಗದ ಮಿತಿಯನ್ನು ಕಿತ್ತುಹಾಕಿದ ವಾಹನಕ್ಕೆ ಈ ವಿನಾಯಿತಿ ಉಳಿಯದು. ಅಪಘಾತವಾದರೆ ಹೊಣೆ ಮಾಲೀಕನ ಮೇಲೆಯೇ ಬೀಳುತ್ತದೆ.

ಹಳೆಯ ಅಥವಾ ನವೀಕರಿಸಿದ ಮಾಲನ್ನು ಹೊಸದೆಂದು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಆದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಆ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲು ಕೊಂಡವರಿಗೆ ಮಾತ್ರ ವಿನಾಯಿತಿಯಿದೆ. ಆದ್ದರಿಂದ ಸಂಸ್ಥೆಯ ಹೆಸರಿನಲ್ಲಿ ನಾಲ್ಕೈದು ಬೈಕು ಕೊಳ್ಳುವವರಿಗೆ ಲಿಖಿತ ಕರಾರೇ ರಕ್ಷಣೆ.

ಒಟ್ಟಿನಲ್ಲಿ, ಹಳೆಯ ವ್ಯವಸ್ಥೆಯ ವಾಹನವನ್ನು ಕೊಳ್ಳಲೇಬಾರದೆಂದಲ್ಲ. ದೂರ ಕಡಿಮೆಯಿದ್ದು, ಭಾಗಗಳು ಸ್ಥಳೀಯ ಮಾರುಕಟ್ಟೆಯಲ್ಲಿ ದೊರೆಯುವಂತಿದ್ದು, ಬೆಲೆಯಲ್ಲಿ ಕನಿಷ್ಠ ಒಂದು ಹೊಸ ಬ್ಯಾಟರಿಯ ಮೊತ್ತದಷ್ಟು ಕಡಿತವಿದ್ದರೆ ಅದು ಒಳ್ಳೆಯ ವ್ಯವಹಾರವೇ. ಅಕ್ಕಪಕ್ಕದ ಮೂರು ನಾಲ್ಕು ಅಂಗಡಿಯವರು ಒಂದೇ ಮಾದರಿಯನ್ನು ಕೊಂಡು, ಒಂದು ಹೆಚ್ಚುವರಿ ಕಂಟ್ರೋಲರ್ ಮತ್ತು ಚಾರ್ಜರನ್ನು ಕೂಡಿ ಇಟ್ಟುಕೊಂಡರೆ ವಾಹನ ನಿಲ್ಲುವ ದಿನಗಳು ಬಹುಮಟ್ಟಿಗೆ ತಗ್ಗುತ್ತವೆ. ಮುಚ್ಚಿದ ವ್ಯವಸ್ಥೆಯ ಕೈಬಿಟ್ಟ ಮಾದರಿಯಾದರೆ, ತಯಾರಕನ ವಾರಂಟಿ ಲಿಖಿತವಾಗಿ ಉಳಿದಿರುವ ಅವಧಿಗಷ್ಟೇ ಬೆಲೆ ಕಟ್ಟಬೇಕು.