ಕಡಲಿಲ್ಲದ ದ್ವೀಪ: ರಂಗಯ್ಯನದುರ್ಗದ ಕೊಂಡುಕುರಿ

ದ್ವೀಪವೆಂದರೆ ನೀರು ಸುತ್ತುವರಿದ ನೆಲವೆಂದು ಭೂಗೋಳದ ಪಾಠಗಳಲ್ಲಿ ಓದಿದ್ದೇವೆ. ಆದರೆ ಕಾಡಿನ ಹೊರಗೆ ಬಾಳಲಾರದ ಪ್ರಾಣಿಗೆ ಉತ್ತ ಹೊಲವೂ ಹೆದ್ದಾರಿಯೂ ಕಡಲಿನಷ್ಟೇ ದುಸ್ತರವಾದುವು. ಈ ದೃಷ್ಟಿಯಿಂದ ಸೊಕ್ಕೆ ಹೋಬಳಿಯನ್ನೊಳಗೊಂಡ ಜಗಳೂರು ತಾಲ್ಲೂಕಿನ ಬಯಲಿನಲ್ಲಿಯೂ ಒಂದು ದ್ವೀಪವುಂಟು. ಅದೇ ರಂಗಯ್ಯನದುರ್ಗದ ಕುರುಚಲು ಕಾಡು.

ಈ ಕಾಡಿನ ಹಿರಿಮೆಗೆ ಕಾರಣ ಕೊಂಡುಕುರಿ. ಹೆಸರಿನಲ್ಲಿ ಕುರಿಯಿದ್ದರೂ ವಂಶದಲ್ಲಿ ಇದು ಕುರಿಗಿಂತ ದನ-ಎಮ್ಮೆಗಳಿಗೆ ಹತ್ತಿರ. ಬದುಕಿರುವ ಅತಿ ಸಮೀಪದ ಬಂಧು ನೀಲಗಾಯಿ. ಗಂಡಿಗೆ ನಾಲ್ಕು ಕೊಂಬುಗಳು: ಹಿಂದಿನ ಜೋಡಿ ನೀಳ, ಮುಂದಿನದು ಗಿಡ್ಡ. ಹೆಣ್ಣಿಗೆ ಕೊಂಬಿಲ್ಲ. ವನ್ಯಸ್ಥಿತಿಯಲ್ಲಿ ಇದು ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಉಂಟು. ಹಿಂಡುಗಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಅಲೆಯುವ ಈ ನಾಚಿಕೆಯ ಪ್ರಾಣಿ ನೀರಿನಿಂದ ಬಹುದೂರ ಹೋಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ಮೊದಲನೆಯ ಅನುಸೂಚಿಯಲ್ಲಿರಿಸಿತು. 2011ರಲ್ಲಿ ಸುಮಾರು 77 ಚದರ ಕಿಲೋಮೀಟರು ಅರಣ್ಯವು ಕೊಂಡುಕುರಿಯ ಹೆಸರಿನಲ್ಲಿಯೇ ವನ್ಯಧಾಮವಾಯಿತು. ಹುಲಿ, ಆನೆಗಳಿಗೆ ಸಲ್ಲುವ ಗೌರವ ಬಯಲುಸೀಮೆಯ ಸಣ್ಣ ಪ್ರಾಣಿಯೊಂದಕ್ಕೆ ಸಂದುದು ಗಮನಾರ್ಹ.

ಆದರೆ ಗಡಿಯನ್ನು ಗುರುತಿಸಿದ ಮಾತ್ರಕ್ಕೆ ಸಂರಕ್ಷಣೆ ಮುಗಿಯಿತೇ? 1967ರಲ್ಲಿ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ದ್ವೀಪಗಳ ಜೀವಸಂಕುಲವನ್ನು ಕುರಿತು ಒಂದು ಸಿದ್ಧಾಂತವನ್ನು ಮಂಡಿಸಿದರು. ದ್ವೀಪವು ಕಿರಿದಾದಷ್ಟೂ ಅಲ್ಲಿನ ಜೀವಿಗಳು ಅಳಿಯುವ ಸಂಭವ ಹೆಚ್ಚು. ಅದು ದೂರವಾದಷ್ಟೂ ಹೊಸ ಜೀವಿಗಳು ಬಂದು ಸೇರುವುದು ವಿರಳ. ಪನಾಮಾ ಕಾಲುವೆಗಾಗಿ ಗಾಟೂನ್ ಸರೋವರವನ್ನು ನಿರ್ಮಿಸಿದಾಗ ಬಾರೊ ಕೊಲರಾಡೊ ಎಂಬ ಬೆಟ್ಟವು ದ್ವೀಪವಾಯಿತು. ಅಲ್ಲಿ ಕಾಡನ್ನು ರಕ್ಷಿಸಿದ ಮೇಲೂ ಹಲವು ಬಗೆಯ ಹಕ್ಕಿಗಳು ಕ್ರಮೇಣ ಕಣ್ಮರೆಯಾದುವು. ಮರಗಳು ಉಳಿದಿದ್ದುವು, ಉಳಿಯದೆ ಹೋದುದು ಸಂಪರ್ಕ.

ಜಗಳೂರು ಬರಕ್ಕೆ ಹೆಸರಾದ ಸೀಮೆ. ಹಳ್ಳಕೊಳ್ಳಗಳು ಬತ್ತಿದ ವರ್ಷ ನೀರನ್ನರಸಿ ಕಾಡಿನಿಂದ ಹೊರಬಂದ ಕೊಂಡುಕುರಿಗೆ ನಾಯಿಗಳ ಭಯ, ವಾಹನಗಳ ಭಯ. ಹೊರಬಾರದೆ ಒಳಗೇ ಉಳಿದ ಚಿಕ್ಕ ಗುಂಪಿಗೆ ತಲೆಮಾರುಗಳು ಕಳೆದಂತೆ ರಕ್ತಸಂಬಂಧದೊಳಗಣ ಸಂತಾನದ ದೋಷ. ಆದುದರಿಂದ ಕಾಡಿನೊಳಗಣ ನೀರಿನಷ್ಟೇ ಕಾಡುಗಳ ನಡುವಣ ಹಳ್ಳದ ದಂಡೆ, ಗೋಮಾಳ, ಕುರುಚಲು ದಿಣ್ಣೆಗಳೂ ಮುಖ್ಯ. ಇವೇ ಈ ದ್ವೀಪದ ಸೇತುವೆಗಳು.

ಇಲ್ಲಿಯೇ ಇತಿಹಾಸದ ವಿದ್ಯಾರ್ಥಿಗೆ ಕೆಲಸವಿದೆ. ಹಿಂದೆ ಕಾಡು ಎಲ್ಲಿಯವರೆಗೆ ಹಬ್ಬಿತ್ತು, ಯಾವ ಕಾಲದಲ್ಲಿ ತುಂಡಾಯಿತು ಎಂಬುದನ್ನು ಕಂದಾಯದ ಕಡತಗಳಿಂದಲೂ ಹಳೆಯ ನಕ್ಷೆಗಳಿಂದಲೂ ಸ್ಥಳನಾಮಗಳಿಂದಲೂ ಕುರಿಗಾಹಿ ಹಿರಿಯರ ನೆನಪಿನಿಂದಲೂ ತಿಳಿಯಲು ಯತ್ನಿಸಬಹುದು. ದಾವಣಗೆರೆ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೆ ಹಿಂದಿನ ದಾಖಲೆಗಳನ್ನು ಚಿತ್ರದುರ್ಗದ ಹೆಸರಿನಲ್ಲಿ ಹುಡುಕಬೇಕು. ಕಡಿದುಹೋದ ದಾರಿಗಳನ್ನು ಗುರುತಿಸಿದಲ್ಲದೆ ಅವನ್ನು ಮತ್ತೆ ತೆರೆಯುವುದೆಂತು?