ಎಂಜಿನ್ ಬಿಟ್ಟು ಹಾಯಿ ಹಿಡಿದಾಗ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮೋಟಾರು ಬೋಟಿನಲ್ಲಿ ಹೋಗಿದ್ದೀರಾ? ಎಂಜಿನ್ ಚಾಲೂ ಆದರೆ ಸಾಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನಾವು ಕೇಳುವುದೇ ಇಲ್ಲ. ಮುಖ ತಿರುಗಿಸಿದತ್ತ ಬೋಟು ಸಾಗುತ್ತದೆ. ಆದರೆ ಇಂತಹ ಬೋಟು ನಡೆಸಿ ಪಳಗಿದವರೂ ಮೊದಲ ಸಲ ಹಾಯಿದೋಣಿ ಹತ್ತಿದಾಗ ಪುನಃ ಒಂದನೇ ತರಗತಿಯ ಮಕ್ಕಳಾಗುತ್ತಾರೆ. ಏಕೆ ಗೊತ್ತೇ?

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಬದಿಯಲ್ಲಿ ಸುಮಾರು 45 ಡಿಗ್ರಿಯಷ್ಟು ದಾರಿ ಅದಕ್ಕೆ ಮುಚ್ಚಿರುತ್ತದೆ. ತಲುಪಬೇಕಾದ ಜಾಗ ಅತ್ತಲೇ ಇದ್ದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ, ಘಾಟಿ ರಸ್ತೆಯ ತಿರುವುಗಳಂತೆ ಸಾಗಬೇಕು. ತಾರಸಿಯಲ್ಲಿ ಬೆಡ್‌ಶೀಟ್ ಒಣಹಾಕುವಾಗ ಗಾಳಿ ಅದನ್ನು ಎಳೆಯುವ ರಭಸ ನಿಮಗೆ ಗೊತ್ತಿದೆ. ಹಾಯಿಯನ್ನು ಎಳೆಯುವುದೂ ಅದೇ ಶಕ್ತಿ. ದೋಣಿಯ ತಳದಿಂದ ನೀರಿಗಿಳಿದ ಹಲಗೆಯು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದರಿಂದ ಆ ಶಕ್ತಿ ಅದನ್ನು ಮುಂದಕ್ಕೆ ಒಯ್ಯುತ್ತದೆ.

ಹೊಸಬರನ್ನು ಹೆದರಿಸುವುದು ದೋಣಿ ವಾಲುವಾಗ. ಮೋಟಾರು ಬೋಟಿನವನ ಕೈ ಆಗ ಎಂಜಿನ್ ಹುಡುಕುತ್ತದೆ. ಆದರೆ ಇಲ್ಲಿ ಮಾಡಬೇಕಾದುದು ಹಾಯಿಯ ಹಗ್ಗವನ್ನು ಸಡಿಲಿಸುವುದು. ಗಾಳಿ ಸೋರಿಹೋಗುತ್ತದೆ, ದೋಣಿ ನೆಟ್ಟಗಾಗುತ್ತದೆ. ನಿಲ್ಲಿಸಲು ಬ್ರೇಕ್ ಇಲ್ಲ, ರಿವರ್ಸ್ ಗೇರ್ ಇಲ್ಲ. ಮೂತಿಯನ್ನು ಗಾಳಿಯತ್ತ ತಿರುಗಿಸಬೇಕು. ಸಣ್ಣ ದೋಣಿಯಲ್ಲಿ ಸ್ಟಿಯರಿಂಗ್ ಚಕ್ರವೂ ಇರುವುದಿಲ್ಲ. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೊರಳುತ್ತದೆ. ಗಾಳಿ ಹಿಂದಿನಿಂದ ಬೀಸುವಾಗ ಅಜಾಗರೂಕತೆಯಿಂದ ತಿರುಗಿಸಿದರೆ ಹಾಯಿಯ ಕೆಳಗಿನ ಅಡ್ಡಕಂಬ ಒಮ್ಮೆಲೇ ಆಚೆ ಬದಿಗೆ ಹಾರಿ ತಲೆಗೆ ಬಡಿಯಬಹುದು.

ಹಾಗಾದರೆ ಹಳೆಯ ಅನುಭವವೆಲ್ಲ ವ್ಯರ್ಥವೇ? ಖಂಡಿತ ಇಲ್ಲ. ಉಬ್ಬರವಿಳಿತ, ಲಂಗರು, ಹವಾಮಾನ, ಹಗ್ಗದ ಗಂಟು, ಇವೆಲ್ಲ ಇಲ್ಲಿಯೂ ಕೈ ಹಿಡಿಯುತ್ತವೆ. ಒಂದು ನಿಯಮ ಮಾತ್ರ ತಿರುವುಮುರುವಾಗುತ್ತದೆ: ಸಮುದ್ರದಲ್ಲಿ ಸಾಮಾನ್ಯವಾಗಿ ಮೋಟಾರು ಬೋಟೇ ಹಾಯಿದೋಣಿಗೆ ದಾರಿ ಬಿಡಬೇಕು. ಆದರೆ ಹಾಯಿ ಬಿಚ್ಚಿಕೊಂಡೇ ಎಂಜಿನ್ನಿನಿಂದಲೂ ಸಾಗುತ್ತಿದ್ದರೆ ಅದನ್ನು ಮೋಟಾರು ಬೋಟೆಂದೇ ಪರಿಗಣಿಸಲಾಗುತ್ತದೆ.

ಮೊದಲ ಅನುಭವ ಎಲ್ಲಿ ಪಡೆಯಬೇಕು? ದೊಡ್ಡ ದೋಣಿ ಕೊಂಡಲ್ಲ, ಅತಿ ಚಿಕ್ಕದರಲ್ಲಿ ಕುಳಿತು. ಮಕ್ಕಳು ಕಲಿಯುವ ‘ಆಪ್ಟಿಮಿಸ್ಟ್’ ದೋಣಿಯ ಉದ್ದ ಕೇವಲ 2.3 ಮೀಟರ್. ಚಿಕ್ಕ ದೋಣಿ ತಪ್ಪನ್ನು ಮುಚ್ಚಿಡುವುದಿಲ್ಲ, ಕೂಡಲೇ ತೋರಿಸುತ್ತದೆ. ಮಗುಚುವುದು, ಪುನಃ ಎತ್ತಿ ನಿಲ್ಲಿಸುವುದು, ಇದೂ ಪಾಠದ ಭಾಗವೇ. ಲೈಫ್ ಜಾಕೆಟ್ ಮತ್ತು ಬಲ್ಲವರ ಕಣ್ಗಾವಲು ಮಾತ್ರ ಎಂದಿಗೂ ತಪ್ಪಬಾರದು. ಆ ಬಳಿಕ ಇತರರ ದೊಡ್ಡ ದೋಣಿಯಲ್ಲಿ ಕೈಯಾಳಾಗಿ ದುಡಿದು ಕಲಿಯಬೇಕು.

ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಕಲಿತದ್ದೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿಯೇ. ಅವರಲ್ಲಿ ಇಬ್ಬರು ಹಡಗು ವಿನ್ಯಾಸದವರು, ಇಬ್ಬರು ವಿಮಾನ ಸಂಚಾರ ನಿಯಂತ್ರಕರು, ಇಬ್ಬರು ಶಿಕ್ಷಣ ವಿಭಾಗದವರು. ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಜಗತ್ತು ಸುತ್ತಿದ ಮೊದಲ ಭಾರತೀಯ ದಿಲೀಪ್ ದೋಂದೆ ಅವರ ಮಾರ್ಗದರ್ಶನದಲ್ಲಿ ಪಳಗಿದರು. 2016ರಲ್ಲಿ ಮಾರಿಷಸ್‌ಗೆ, ಅದೇ ವರ್ಷದ ಕೊನೆಗೆ ಕೇಪ್‌ಟೌನ್‌ಗೆ ಹೊರಟರು. ನಂತರವೇ ವರ್ತಿಕಾ ಜೋಶಿಯವರ ನೇತೃತ್ವದಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ‘ತಾರಿಣಿ’ಯ ಹಾಯಿ ಬಿಚ್ಚಿದರು. ಜಗತ್ತು ಸುತ್ತಿ 2018ರ ಮೇ 21ರಂದು ಗೋವಾಕ್ಕೇ ಮರಳಿದರು.

ಸಹೋದರಿಯರೇ, ಕಡಲ ತಡಿಯಲ್ಲೇ ಹುಟ್ಟಿ ಬೆಳೆದರೂ ಈಜು ಬಾರದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ನಾಳೆ ನಿಮ್ಮ ಮಗಳು ದೋಣಿ ಕಲಿಯುತ್ತೇನೆಂದರೆ ಗದರಿ ಕೂರಿಸಬೇಡಿ. ಮೊದಲು ಈಜು ಕಲಿಸಿ. ಮತ್ತೆ ಸಣ್ಣ ದೋಣಿ, ಶಾಂತವಾದ ನೀರು, ಒಳ್ಳೆಯ ಗುರು. ಉಳಿದುದನ್ನು ಗಾಳಿಯೇ ಕಲಿಸುತ್ತದೆ.